ಹದಿನಾಲ್ಕನೇ ನಂಬರಿನ ಪಂಚ್

ರೇಸ್ ಕಾರಿನೊಳಗೆ ಉಕ್ಕಿನ ಪೈಪುಗಳ ಒಂದು ಪಂಜರ ಇರಲೇಬೇಕು. ಕಾರು ಪಲ್ಟಿ ಹೊಡೆದರೂ ಮೇಲಿನ ತಗಡು ಒಳಗೆ ಕೂತವರ ತಲೆ ಮೇಲೆ ಕುಸಿಯಬಾರದು ಅಂತ ಈ ಏರ್ಪಾಡು. ಕೇಜ್ ಅನ್ನುತ್ತಾರೆ. ನಿಯಮಪುಸ್ತಕದಲ್ಲಿ ಅದರ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ನನಗೆ ಬಾಯಿಪಾಠವಾಗಿ ಉಳಿದಿರುವುದು ಒಂದೇ ಸಾಲು: ಪೈಪಿನ ಹೊರ ಅಳತೆ ನಲವತ್ತು ಮಿಲಿಮೀಟರ್, ಗೋಡೆಯ ದಪ್ಪ ಎರಡೂವರೆ.

ಆ ಕೇಜನ್ನು ಬೆಸೆಯಬೇಕಾದವನು ನಾನು. ಅದರೊಳಗೆ ಕೂರಬೇಕಾದವಳು ನನ್ನ ಮಗಳು.

ತಂಡ ಅಂದರೆ ದೊಡ್ಡದೇನಲ್ಲ, ಮೂರೇ ಜನ. ಮಗಳು ದಾವಣಗೆರೆಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಕಲಿಯಲು ಬಂದ ಹೆಂಗಸರು ಕ್ಲಚ್ಚನ್ನು ತುಳಿದೂ ತುಳಿದೂ ಸುಸ್ತು ಮಾಡಿದ್ದ ಒಂದು ಹಳೇ ಸಣ್ಣ ಕಾರು ಅವಳಲ್ಲಿತ್ತು. ಪಕ್ಕದ ಸೀಟಿನ ಮುಂದಿದ್ದ ಎರಡನೇ ಬ್ರೇಕ್ ಪೆಡಲ್ ಕಿತ್ತು, ಎಲ್ ಬೋರ್ಡ್ ಬಿಚ್ಚಿ, ಅದನ್ನೇ ರೇಸ್ ಕಾರು ಮಾಡೋಣ ಅಂದಳು. ಕೊಂಡಜ್ಜಿ ಕಡೆ ಕಟಾವಾದ ಹೊಲದಲ್ಲಿ ಅವಳು ಆ ಕಾರನ್ನು ತಿರುಗಿಸುವುದನ್ನು ನೋಡಿದ ಮೇಲೆ ನನಗೂ ಬೇಡ ಅನ್ನಲು ಬಾಯಿ ಬರಲಿಲ್ಲ. ನನ್ನದು ಹರಿಹರದ ಅಂಚಿನಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವ ಶೆಡ್. ಅದಕ್ಕೂ ಮೊದಲು ಹದಿನೆಂಟು ವರ್ಷ ಒಂದು ಯಂತ್ರ ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದೆ.

ಮೂರನೆಯವರು ಇನ್‌ಸ್ಪೆಕ್ಟರು. ಪೊಲೀಸ್ ಅಲ್ಲ. ಅದೇ ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ಪಾಸು, ಫೇಲು ಮಾಡುತ್ತಿದ್ದವರು. ನನಗಿಂತ ಐದಾರು ವರ್ಷ ದೊಡ್ಡವರು. ನಾನು ಅವರನ್ನು ಅಣ್ಣಾರ ಅನ್ನುತ್ತಿದ್ದೆ, ಮಗಳು ಅವರ ತೊಡೆ ಮೇಲೆ ಆಡಿ ಬೆಳೆದವಳು, ದೊಡ್ಡಪ್ಪ ಅನ್ನುತ್ತಿದ್ದಳು. ಕೇಜ್ ಕಟ್ಟುವ ಮಾತು ಬಂದಾಗ ನನಗೆ ಹೊಳೆದ ಮೊದಲ ಹೆಸರೇ ಅವರದು.

ಇಲ್ಲಿ ಪಂಚಿನ ವಿಷಯ ಹೇಳಬೇಕು. ಕಾರ್ಖಾನೆಯ ಪ್ರತಿ ಇನ್‌ಸ್ಪೆಕ್ಟರ ಬಳಿಯೂ ಬೆರಳುದ್ದದ ಒಂದು ಉಕ್ಕಿನ ಪಂಚ್ ಇರುತ್ತಿತ್ತು. ತುದಿಯಲ್ಲಿ ತ್ರಿಕೋನ, ಅದರೊಳಗೆ ಅವರವರ ನಂಬರು. ಇವರದು ಹದಿನಾಲ್ಕು, ಕೆಲಸ ಬಿಟ್ಟ ಮೇಲೂ ಅದನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಅಳತೆ ಸರಿ ಇದ್ದ ತುಂಡಿನ ಮೇಲೆ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಏಟು ಹೊಡೆದರೆ ಮುಗಿಯಿತು. ಪಂಚ್ ಬಿದ್ದ ತುಂಡಿಗೆ ಮತ್ತೆ ಯಾರೂ ವರ್ನಿಯರ್, ಅಂದರೆ ಕೂದಲೆಳೆಯ ದಪ್ಪವನ್ನೂ ಅಳೆಯುವ ಉಪಕರಣ, ಹಚ್ಚುತ್ತಿರಲಿಲ್ಲ. ಯಾವ ಪುಸ್ತಕದಲ್ಲೂ ಬರೆಯದ ಕಾನೂನು ಅದು. ಹೊಸದಾಗಿ ಸೇರಿದ್ದ ಒಬ್ಬ ಫಿಟ್ಟರ್ ಗೊತ್ತಿಲ್ಲದೆ ಪಂಚ್ ಬಿದ್ದ ಶಾಫ್ಟನ್ನು ಅಳೆದುಬಿಟ್ಟ. ಎಂಟು ದಿನ ಕ್ಯಾಂಟೀನಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನಾನೂ ಕೂರಲಿಲ್ಲ.

ರೇಸು ವರ್ಷಕ್ಕೆ ಮೂರು ಸುತ್ತು ನಡೆಯುತ್ತದೆ. ಆ ವರ್ಷದ ಮೊದಲ ಸುತ್ತಿನ ರೇಸಿಗೆ ಕಾರನ್ನು ಟ್ರೇಲರ್ ಮೇಲೆ ಹೇರಿಕೊಂಡು ತಮಿಳುನಾಡಿನ ಟ್ರ್ಯಾಕಿಗೆ ಹೋದೆವು. ತಪಾಸಣೆ ಮಾಡುವ ಅಧಿಕಾರಿ ಸೀಟ್ ಬೆಲ್ಟ್ ತಿರುಗಿಸಿ ನೋಡಿ, ಇದರ ಅವಧಿ ಮುಗಿದಿದೆ ಅಂದರು. ಬೆಲ್ಟಿಗೂ ಮಾತ್ರೆಯ ಹಾಗೆ ತಾರೀಖು ಇರುತ್ತದೆ ಅಂತ ನಮಗೇನು ಗೊತ್ತು. ಗ್ರಿಡ್ ಅಂದರೆ ಕಾರುಗಳು ಸಾಲಾಗಿ ನಿಂತು ದೀಪ ಆರುವುದನ್ನು ಕಾಯುವ ಜಾಗ. ಅದನ್ನು ಆ ಸಲ ಬೇಲಿಯ ಆಚೆಯಿಂದ ನೋಡಿಕೊಂಡು ಬಂದೆವು. ಎರಡನೇ ಸುತ್ತಿಗೆ ಬೆಲ್ಟ್ ಹೊಸದು. ಈಗ ಕೇಜ್ ಫೇಲ್. ಬೋಲ್ಟ್ ಹಾಕಿ ಕೂರಿಸುವ ರೆಡಿಮೇಡ್ ಕೇಜ್ ನಡೆಯುವುದಿಲ್ಲ, ಬೆಸೆದದ್ದೇ ಆಗಬೇಕು ಅಂದರು. ಉಳಿದದ್ದು ಒಂದೇ ಸುತ್ತು. ವರ್ಷದಲ್ಲಿ ಒಮ್ಮೆಯಾದರೂ ಗ್ರಿಡ್ ಸೇರದ ಹೊಸ ತಂಡದ ನೋಂದಣಿ ತಾನಾಗಿ ರದ್ದಾಗುತ್ತಿತ್ತು.

"ಪೈಪಿನ ಚಿಂತಿ ನಂಗೆ ಬಿಡು. ಬೆಂಗಳೂರಿಗೆ ಹೋಗಿ ನಾನೇ ನೋಡಿ, ಅಳದು ತರ್ತೀನಿ," ಅಂದರು ಇನ್‌ಸ್ಪೆಕ್ಟರು.

ನಾಲ್ಕನೇ ದಿನ ಪೈಪುಗಳು ಲಾರಿಯಲ್ಲಿ ಬಂದವು. ಜತೆಗೆ ಅವರೂ ಬಂದರು. ಇಳಿಸುವ ಮೊದಲೇ ಪ್ರತಿ ಪೈಪಿನ ತುದಿಯಲ್ಲೂ ತ್ರಿಕೋನ, ಹದಿನಾಲ್ಕು. ಆ ಗುರುತು ನೋಡಿ ಎಷ್ಟೋ ವರ್ಷವಾಗಿತ್ತು. ನಿಜ ಹೇಳುತ್ತೇನೆ, ಬೆರಳಿನಿಂದ ಸವರಿ ಖುಷಿಪಟ್ಟೆ. ಕತ್ತರಿಸುವುದು, ಒಂದು ಪೈಪು ಇನ್ನೊಂದಕ್ಕೆ ಒತ್ತಿ ಕೂರುವ ಹಾಗೆ ತುದಿಯನ್ನು ಮೀನಿನ ಬಾಯಿಯಂತೆ ಕೊರೆಯುವುದು, ಅಂಚು ಉಜ್ಜುವುದು ಎಲ್ಲ ಅವರೇ ಮಾಡಿದರು. ನನಗೆ ಬಿಟ್ಟದ್ದು ಬೆಸುಗೆ ಒಂದೇ.

ಎರಡೂವರೆ ದಪ್ಪದ ಉಕ್ಕಿಗೆ ನಾನು ಬೆಸುಗೆಯ ಟಿಗ್ ಮಷಿನ್ನಿನಲ್ಲಿ ತೊಂಬತ್ತೈದು ಆಂಪಿಯರ್ ಇಡುತ್ತೇನೆ, ಉಕ್ಕು ತೆಳುವಾದಷ್ಟೂ ಕರೆಂಟು ಇಳಿಸಬೇಕು. ಲೋಹ ಕರಗಿ ಕಾಸಿನಗಲದ ಒಂದು ಕೊಳ ಆಗುತ್ತದೆ, ಅದಕ್ಕೆ ಸರಳು ಮುಟ್ಟಿಸುತ್ತಾ ಮುಂದೆ ಸಾಗಬೇಕು. ನನಗೆ ಇದು ಅನ್ನ ಕಲಸಿದಷ್ಟು ಅಭ್ಯಾಸ. ಅವತ್ತು ಮೊದಲ ಜೋಡಣೆಯಲ್ಲೇ ಕೊಳ ಕೆಳಕ್ಕೆ ಜಗ್ಗಿತು. ಎರಡನೆಯದರಲ್ಲಿ ತೂತು ಬಿತ್ತು. ಕಾರ್ಖಾನೆಯ ಹದಿನೆಂಟು ವರ್ಷದಲ್ಲಿ ನಾನು ಪೈಪಿಗೆ ತೂತು ಕೆಡವಿದ್ದು ಬೆರಳೆಣಿಕೆಯಷ್ಟು ಸಲ. ಕೈ ನಿಲ್ಲಿಸಿದೆ.

"ಅಣ್ಣಾರ, ಪೈಪು ತೆಳ್ಳಗೆ ಅನ್ನಿಸ್ತೈತಲ್ರಿ?"

ಅವರು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಬಗ್ಗಿ ತೂತನ್ನು ನೋಡಿದರು.

"ಪೈಪಲ್ಲಪ್ಪ, ನಿನ್ನ ಕೈ. ನಾನು ಬೆಳಿಗ್ಗಿಂದ ನೋಡ್ತಾ ಇದೀನಿ, ನಡುಗ್ತೈತೆ. ಒಂದೇ ಕಡಿಗೆ ಜಾಸ್ತಿ ಹೊತ್ತು ನಿಲ್ಲಿಸ್ತಿಯ. ವಯಸ್ಸಾತಲ್ಲ, ಯಾರಿಗಾದ್ರೂ ಆಗೋದೇ."

ನಾನು ಕೈ ಮುಂದೆ ಚಾಚಿ ನೋಡಿಕೊಂಡೆ. ನಡುಗುತ್ತಿದೆ ಅಂತ ಒಬ್ಬರು ಹೇಳಿದ ಮೇಲೆ ಯಾರ ಕೈ ನಡುಗುವುದಿಲ್ಲ ಹೇಳಿ. ಆಂಪಿಯರ್ ಎಪ್ಪತ್ತೈದಕ್ಕೆ ಇಳಿಸಿದೆ. ಬೆಸುಗೆ ಕೂತಿತು. ಕೈ ಸೋತದ್ದಕ್ಕೆ ಹೀಗೆ ಇಳಿಸಿಕೊಳ್ಳಬೇಕಾಯಿತು ಅಂತ ತಿಳಿದು ಕೇಜಿನ ಬಹುಪಾಲನ್ನು ಎಪ್ಪತ್ತೈದರಲ್ಲೇ ಮಾಡಿದೆ. ಪೈಪಿನ ತುದಿಯಲ್ಲಿ ಪಂಚ್ ಕಾಣುತ್ತಿತ್ತು. ವರ್ನಿಯರ್ ಎರಡು ಮಾರು ದೂರದಲ್ಲಿ ಗೂಟಕ್ಕೆ ನೇತಾಡುತ್ತಿತ್ತು. ಕೈ ಅತ್ತ ಹೋಗಲೇ ಇಲ್ಲ.

ಆ ವಾರ ನಾನು ಒಳಗೊಳಗೇ ಕುಸಿದುಹೋದೆ. ಭಾನುವಳ್ಳಿಯವರೊಬ್ಬರು ಎರಡು ಟ್ರೇಲರ್ ಕಟ್ಟಿಸಲು ಬಂದಿದ್ದರು. ಚಾಸಿಸ್ ಬೆಸುಗೆ ಬಿಟ್ಟುಕೊಂಡರೆ ರಸ್ತೆಯಲ್ಲಿ ಜನ ಸಾಯುತ್ತಾರೆ ಅಂತ ಹೆದರಿ ಕೆಲಸವನ್ನು ಬೇರೆ ಶೆಡ್ಡಿಗೆ ಕಳಿಸಿದೆ. "ಯಾಕ್ರಿ, ನಮ್ಮ ಮ್ಯಾಲೆ ಸಿಟ್ಟೇನ್ರಿ?" ಅಂತ ಕೇಳಿದರು ಅವರು. ಹೆಂಡತಿ ಹಟ ಹಿಡಿದು ದಾವಣಗೆರೆಯ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಅಕ್ಷರ ಓದಿಸಿ, ನಿಮ್ಮ ವಯಸ್ಸಿಗೆ ಕಣ್ಣು ಚೆನ್ನಾಗಿಯೇ ಇದೆ, ಬೇಕಾದರೆ ಹತ್ತಿರದ್ದು ನೋಡಲು ಒಂದು ಸಣ್ಣ ನಂಬರ್ ಬರೆದುಕೊಡುತ್ತೇನೆ ಅಂದರು. ಬೇಕು ಅಂದೆ. ಏನೋ ಒಂದು ಕಾಯಿಲೆ ಸಿಕ್ಕಿತಲ್ಲ ಅಂತ ಸಮಾಧಾನ.

ಕನ್ನಡಕ ಹಾಕಿಕೊಂಡು ಮಾಡಿದ ಮೊದಲ ಕೆಲಸ ಹಿಂದಿನ ಎರಡು ಆಸರೆಗಳು. ಚಾಲಕಿಯ ಬೆನ್ನ ಹಿಂದಿನ ದೊಡ್ಡ ಕಮಾನಿನಿಂದ ಹಿಂಬದಿಯ ನೆಲಕ್ಕೆ ಇಳಿಯುವ ಪೈಪುಗಳವು. ಇನ್‌ಸ್ಪೆಕ್ಟರು ಅವನ್ನು ಕೊನೆಗೆ ಅಂತ ಬೇರೆಯಾಗಿ ಇಟ್ಟಿದ್ದರು. ಧೈರ್ಯ ಮಾಡಿ ತೊಂಬತ್ತೈದಕ್ಕೆ ಏರಿಸಿದೆ. ಹಳೇ ಕಾಲದ ಹಾಗೆ ಕೊಳ ನಿಂತಿತು, ಕೈ ಸಾಗಿತು, ಬೆಸುಗೆ ಒಂದರ ಮೇಲೊಂದು ಚಿಲ್ಲರೆ ಜೋಡಿಸಿಟ್ಟ ಹಾಗೆ ಬಂತು. ಕಮಾನಿನ ಕಡೆ ಮಾತ್ರ ಒಂಚೂರು ಜಗ್ಗಿತು. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ನೋಡು, ಕನ್ನಡಕ ಬಂದ ಮ್ಯಾಲೆ ಹೆಂಗೆ ಕೂಡ್ತು," ಅಂದು ಅವರು ನನ್ನ ಬೆನ್ನು ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು.

ದಪ್ಪ ಪರೀಕ್ಷಿಸಲು ಕೇಜಿಗೆ ಸಣ್ಣದೊಂದು ರಂಧ್ರ ಕೊರೆದಿರಬೇಕು, ಜಾಗವನ್ನು ತಂಡವೇ ಆರಿಸಿಕೊಂಡು ನಕ್ಷೆಯಲ್ಲಿ ಗುರುತಿಸಬೇಕು ಅಂತ ನಿಯಮ. ಅವರು ಹಿಂದಿನ ಆಸರೆಯನ್ನು ಗುರುತಿಸಿ, ಡ್ರಿಲ್ ಹಿಡಿದು ತಾವೇ ಕೊರೆದರು. ಅರ್ಜಿಯ ಕೊನೆಯಲ್ಲಿ, 'ಎಲ್ಲ ಪೈಪುಗಳನ್ನೂ ನಾನು ಅಳೆದು ನೋಡಿದ್ದೇನೆ' ಎಂಬ ಸಾಲಿನ ಕೆಳಗೆ ಕಟ್ಟಿದವನ ಸಹಿ ಬೇಕಿತ್ತು. ಹಾಕಿದೆ.

ಮೆಕ್ಕೆಜೋಳದ ಲಾರಿಗಳ ನಡುವೆ ವೇ ಬ್ರಿಡ್ಜಿನಲ್ಲಿ ಕಾರು ತೂಗಿಸಿದಾಗ ಮಗಳ ಲೆಕ್ಕಕ್ಕಿಂತ ಹತ್ತು ಕಿಲೋ ಕಡಿಮೆ ಬಂತು. ಹಗುರಾದರೆ ಅವಳಿಗೆ ಒಳ್ಳೆಯದೇ, ಆದರೂ ಎಲ್ಲಿ ತಪ್ಪಿದೆ ಅಂತ ಕಾಗದ ತೆಗೆದು ಕೂತಳು. "ಇದು ಜೋಳ ತೂಗೋ ತಕ್ಕಡಿ ನಮ್ಮವ್ವ, ಇದ್ರಾಗ ಹತ್ತು ಕಿಲೋ ಯಾವ ಲೆಕ್ಕ," ಅಂದರು ದೊಡ್ಡಪ್ಪ. ಅವಳು ಕಾಗದ ಮಡಚಿ ಇಟ್ಟಳು.

ಟ್ರ್ಯಾಕಿನಲ್ಲಿ ಶುಕ್ರವಾರ ತಪಾಸಣೆ. ಅಧಿಕಾರಿ ರಂಧ್ರದೊಳಗೆ ಅಳತೆಯ ಕೊಕ್ಕೆ ತೂರಿಸಿ, ಎರಡೂವರೆ ಅಂತ ಬರೆದುಕೊಂಡು ಹಸಿರು ಚೀಟಿ ಅಂಟಿಸಿದರು. ಶನಿವಾರ ಮಧ್ಯಾಹ್ನ ಅರ್ಹತಾ ಸುತ್ತು. ಹತ್ತೊಂಬತ್ತು ಕಾರುಗಳಲ್ಲಿ ಮಗಳದು ಹನ್ನೊಂದನೇ ಜಾಗ. ಭಾನುವಾರದ ಗ್ರಿಡ್ ಪಟ್ಟಿಯನ್ನು ಬೋರ್ಡಿಗೆ ಹಚ್ಚಿದಾಗ ನಾನು ಅವಳ ಹೆಸರಿನ ಫೋಟೊ ತೆಗೆದು ಹೆಂಡತಿಗೆ ಕಳಿಸಿದೆ.

ಒಂದು ತಿರುವಿನಲ್ಲಿ ಪಕ್ಕದ ಕಾರು ತಾಗಿ, ಕಿಟಕಿಯ ಬಲೆ ಸಿಕ್ಕಿಸುವ ಕೊಂಡಿ ಕಿತ್ತುಹೋಗಿತ್ತು. ಚಾಲಕಿಯ ಬಾಗಿಲಿನ ಪಕ್ಕದ ಪೈಪಿಗೆ ಅದನ್ನು ಮತ್ತೆ ಬೆಸೆಯಬೇಕು, ಹತ್ತು ನಿಮಿಷದ ಕೆಲಸ. ಬ್ಯಾಟರಿ ವೈರ್ ಬಿಚ್ಚಿ, ಪಕ್ಕದ ತಂಡದವರ ಮಷಿನ್ ಕೇಳಿ ತಂದು, ಕನ್ನಡಕ ಹಾಕಿಕೊಂಡು ತೊಂಬತ್ತೈದು ಇಟ್ಟೆ. ಬೆಂಕಿ ಹಚ್ಚಿದ ಎರಡನೇ ಉಸಿರಿಗೇ ಪೈಪಿನಲ್ಲಿ ತೂತು.

ಈ ಸಲ ನಾನು ಕೈ ನೋಡಿಕೊಳ್ಳಲಿಲ್ಲ. ಕನ್ನಡಕ ಅದೇ, ಕೈ ಅದೇ, ಆಂಪಿಯರ್ ಅದೇ. ಹಿಂದಿನ ಆಸರೆಯಲ್ಲಿ ಕೂತ ಬೆಸುಗೆ ಇಲ್ಲಿ ಯಾಕೆ ಕೂರಲಿಲ್ಲ?

ಒಂದು ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ತೂತಿನೊಳಗೆ ಇಳಿಸಿ, ಒಳಗೋಡೆಗೆ ಸಿಗಿಸಿ, ಹೊರಮೈಯ ಮಟ್ಟಕ್ಕೆ ಗುರುತು ಹಾಕಿದೆ. ಅದೇ ತಂತಿಯನ್ನು ಹಿಂದಿನ ಆಸರೆಯ ರಂಧ್ರಕ್ಕೆ ಹಾಕಿ ಇನ್ನೊಂದು ಗುರುತು. ಎರಡು ಗುರುತು ಒಂದೇ ಕಡೆ ಬೀಳಲಿಲ್ಲ. ಇನ್‌ಸ್ಪೆಕ್ಟರ ಪೆಟ್ಟಿಗೆಯಿಂದ ಅವರದೇ ವರ್ನಿಯರ್ ತೆಗೆದು ಗುರುತುಗಳನ್ನು ಅಳೆದೆ. ಹಿಂದೆ ಎರಡೂವರೆ, ಮಗಳ ತಲೆಯ ಪಕ್ಕ ಎರಡು. ಪಂಚ್ ಬಿದ್ದ ಪೈಪಿಗೆ ನಾನು ಅಳತೆ ಹಚ್ಚಿದ್ದು ಜೀವನದಲ್ಲಿ ಅದೇ ಮೊದಲು.

ಅವರು ಚಹಾದ ಲೋಟ ಹಿಡಿದು ಬಂದರು.

"ಅಣ್ಣಾರ, ಇದು ಎರಡೇ ಐತ್ರಿ."

ಅವರು ವರ್ನಿಯರಿನ ಕಡೆ ನೋಡಲಿಲ್ಲ. "ಪಂಚ್ ಹಾಕಿದ್ದಕ್ಕೆ ವರ್ನಿಯರ್ ಹಚ್ಚಿದ್ಯಾ?" ಅಂದರು. ಅವರ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು.

ನಾನು ತಂತಿಯನ್ನು ಅವರ ಮುಂದೆ ಹಿಡಿದೆ. ಅವರು ಲೋಟ ಕೆಳಗಿಟ್ಟರು.

"ಅಂಗಡೀಲಿ ಎರಡೂವರೇದು ಒಂದೇ ತುಂಡಿತ್ತಪ್ಪ. ಉಳಿದಿದ್ದು ಬರಾಕ ತಿಂಗಳಾಗ್ತೈತೆ ಅಂದ. ತಿಂಗಳು ಕಾದ್ರೆ ಈ ಸುತ್ತೂ ಹೋಗ್ತಿತ್ತು. ತರ್ತೀನಿ ಅಂತ ಹೇಳಿ ಹೋದೋನು ಬರಿಗೈಲಿ ಬಂದು ನಿನ್ನ ಮುಂದೆ ಹೆಂಗೆ ನಿಂತ್ಕಳ್ಳಿ? ನನ್ನ ಮಾತು ಯಾವತ್ತಾರ ಸುಳ್ಳಾಗೈತಾ? ಅರ್ಧ ಮಿಲಿಮೀಟರ್, ಅಷ್ಟೇ."

ಒಂದು ಕೂದಲೆಳೆಯಷ್ಟು ದಪ್ಪ ಹೆಚ್ಚಿದೆ ಅಂತ ಶಾಫ್ಟ್ ವಾಪಸ್ ಕಳಿಸಿ, ಮೂರು ಪಾಳಿಯ ಜನರನ್ನು ನಿಲ್ಲಿಸಿದ್ದ ಮನುಷ್ಯ ಈ ಮಾತು ಆಡುತ್ತಿದ್ದರು.

"ಸರಿಯಿದ್ದ ಒಂದು ತುಂಡನ್ನ ತೂತು ಕೊರೆಯೋ ಜಾಗಕ್ಕೇ ಹಾಕ್ಸಿದ್ರಲ್ಲ."

ಅವರು ಹಿಂದಿನ ಆಸರೆಯ ಕಡೆ ನೋಡಿದರು.

"ನನ್ನ ಕೈ ನಡುಗ್ತೈತೆ ಅಂದ್ರಲ್ಲ, ಅಣ್ಣಾರ. ನಾನು ಕೆಲಸ ವಾಪಸ್ ಕಳಿಸಿದೆ. ಕಣ್ಣಿನ ಡಾಕ್ಟರ ಹತ್ರ ಹೋಗಿ ಕೂತೆ. ನೀವು ಬೆನ್ನು ತಟ್ಟಿದ್ರಿ."

"ಏನಾರ ಒಂದು ಹೇಳ್ಬೇಕಿತ್ತಲ್ಲಪ್ಪ ಅವಾಗ," ಅಂದರು ಮೆಲ್ಲಗೆ.

ತೆಳು ಪೈಪು ತಂದದ್ದು ನನಗೆ ಅರ್ಥವಾಗುತ್ತದೆ. ಹೆಮ್ಮೆಗೆ ಬಿದ್ದ ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಆದರೆ ತಾವು ಹೇಳುತ್ತಿರುವುದು ಸುಳ್ಳು ಅಂತ ಗೊತ್ತಿದ್ದೂ ನನ್ನ ಕೈಯನ್ನೇ ನನಗೆ ಸುಳ್ಳು ಮಾಡಿ ತೋರಿಸಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ನನಗಿರುವ ಆಸ್ತಿ ಆ ಕೈ ಒಂದೇ.

ಅಷ್ಟರಲ್ಲಿ ಮಗಳು ಬಂದಳು. ನಮ್ಮ ಮುಖ ನೋಡಿ ನಿಂತಳು. ತಂತಿ ತೋರಿಸಿ ಎಲ್ಲ ಹೇಳಿದೆ. ಅವಳು ಪೈಪಿನ ತೂತಿನೊಳಗೆ ಬೆರಳ ತುದಿ ಇಟ್ಟು ನೋಡಿದಳು.

"ದೊಡ್ಡಪ್ಪ, ಇದ್ರೊಳಗೆ ಕೂರೋದು ನಾನು ಅಂತ ನಿಮಗೆ ಗೊತ್ತಿತ್ತಲ್ಲ?"

"ನೀನು ಚಲೋ ಓಡಿಸ್ತೀಯವ್ವ. ಪಲ್ಟಿ ಹೊಡ್ಯಲ್ಲ ಅಂತ ನಂಗೆ ಭಾಳ ನಂಬಿಕೆ ಇತ್ತು," ಅಂದರು ಅವರು.

ಅವಳು ಗ್ಲೌಸ್ ಬಿಚ್ಚಿ ಸೀಟಿನ ಮೇಲಿಟ್ಟು, ಟ್ರೇಲರಿನ ನೆರಳಿಗೆ ಹೋಗಿ ಕೂತಳು.

ಇನ್‌ಸ್ಪೆಕ್ಟರು ನನ್ನ ಹತ್ತಿರ ಸರಿದರು. "ಎಪ್ಪತ್ತೈದಿಟ್ಟು ತೂತು ಮುಚ್ಚು. ಚೀಟಿ ಅಂಟಿಸಿಯಾಗೈತೆ, ಮತ್ತೆ ಯಾರೂ ನೋಡಲ್ಲ. ನಾಳೆ ಹತ್ತು ಲ್ಯಾಪ್ ಮುಗಿದ್ರೆ ನೋಂದಣಿ ಉಳಿತೈತೆ. ಊರಿಗೆ ಹೋಗಿ ಎಲ್ಲ ಬದಲಿ ಮಾಡಣ."

ಸುಳ್ಳು ಯಾಕೆ ಹೇಳಲಿ, ನಾನು ಯೋಚಿಸಿದೆ. ಮುಚ್ಚುವುದು ಐದು ನಿಮಿಷದ ಕೆಲಸ. ಬೋರ್ಡಿನ ಮೇಲೆ ಅವಳ ಹೆಸರಿತ್ತು. ಮೂರು ಸಲ ಅಷ್ಟು ದೂರ ಬಂದಿದ್ದೆವು. ಮಷಿನ್ನಿನ ಗುಂಡಿಯನ್ನು ಎಪ್ಪತ್ತೈದಕ್ಕೆ ತಿರುಗಿಸಿಯೂ ಬಿಟ್ಟೆ. ಆಮೇಲೆ ಬೆಸುಗೆಯ ಹೆಲ್ಮೆಟ್ಟನ್ನು ಮುಖಕ್ಕೆ ಇಳಿಸಲು ಆಗಲಿಲ್ಲ. ಮಷಿನ್ ಆರಿಸಿ, ಪಕ್ಕದವರಿಗೆ ಕೊಟ್ಟು, ತಂತಿಯನ್ನು ಜೇಬಿಗೆ ಹಾಕಿಕೊಂಡು ತಪಾಸಣೆಯ ಅಧಿಕಾರಿಯ ಕೋಣೆಗೆ ಹೋದೆ.

ಆ ಮನುಷ್ಯ ಬಂದು ತೂತಿಗೆ ತಮ್ಮ ಕೊಕ್ಕೆ ಹಾಕಿ ನೋಡಿದರು. ಬೈಯಲಿಲ್ಲ. ಅರ್ಜಿ ತೆಗೆದು ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಈ ಸಹಿ ಯಾರದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇನ್‌ಸ್ಪೆಕ್ಟರು ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದರು. ಅವರೇ ಮುಂದೆ ಬಂದು, ಅಳೆದದ್ದು ನಾನು ಅನ್ನುತ್ತಾರೆ ಅಂತ ಒಂದು ಕ್ಷಣ ಕಾದೆ. ಅವರು ನೆಲ ನೋಡುತ್ತಿದ್ದರು.

"ನನ್ನದು," ಅಂದೆ.

ಹಸಿರು ಚೀಟಿ ಕಿತ್ತರು. ತಂಡದ ನೋಂದಣಿ ರದ್ದಾಯಿತು. ರೇಸ್ ನಡೆಸುವವರ ದಾಖಲೆಯಲ್ಲಿ ಅಳತೆ ಸುಳ್ಳು ಬರೆದವನು ಇವತ್ತಿಗೂ ನಾನೇ.

ವಾಪಸ್ ಬರುವಾಗ ಇನ್‌ಸ್ಪೆಕ್ಟರು ಬಸ್ಸಿಗೆ ಬರುತ್ತೇನೆ ಅಂದರು. ಬನ್ನಿ, ಜಾಗ ಇದೆ ಅಂತ ನಾನು ಅನ್ನಲಿಲ್ಲ. ಊರು ಮುಟ್ಟುವ ತನಕ ಮಗಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಕೂತಿದ್ದಳು. ಅವಳ ಸಿಟ್ಟು ಅವರ ಮೇಲೆ ಅಂತ ನಾನು ತಿಳಿದಿದ್ದೆ.

ಮರುದಿನವೇ ಗ್ರೈಂಡರ್ ಹಿಡಿದು ಕೇಜ್ ಕತ್ತರಿಸತೊಡಗಿದೆ. ಮೂರನೇ ದಿನ ಬೆಳಿಗ್ಗೆ ಅವರು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಬಟ್ಟೆಯಲ್ಲಿ ಸುತ್ತಿದ ಬೆರಳುದ್ದದ ವಸ್ತು. ಪಂಚ್ ಅಂತ ನನಗೆ ಗೊತ್ತಾಯಿತು, ನನಗೆ ಒಪ್ಪಿಸಿಬಿಡಲು ತಂದಿದ್ದರು. ನಾನು ಗ್ರೈಂಡರ್ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದರು. ಈಗ ಸಂತೆಯಲ್ಲಿ ಎದುರಾದರೆ ನಮಸ್ಕಾರ ಮಾಡುತ್ತೇನೆ. ಅಣ್ಣಾರ ಅನ್ನುವ ಮಾತು ಮಾತ್ರ ಬಾಯಿಗೆ ಬರುವುದಿಲ್ಲ.

ಹೊಸದಾಗಿ ನೋಂದಣಿ ಮಾಡಿಸಿ, ಹೊಸ ಕೇಜಿನಲ್ಲಿ ಮಗಳು ಮುಂದಿನ ವರ್ಷದ ಮೊದಲ ಸುತ್ತಿಗೇ ಗ್ರಿಡ್ ಸೇರಿದಳು. ಹದಿಮೂರನೆಯವಳಾಗಿ ಮುಗಿಸಿದಳು. ಆ ರೇಸಿನ ಕಥೆಯನ್ನು ಕೇಳಿದವರಿಗೆಲ್ಲ ಅವಳೇ ಹೇಳುತ್ತಾಳೆ. ನನಗೆ ನೆನಪಾಗುವುದು ಆ ಹೊಸ ಕೇಜಿನ ಪೈಪುಗಳು ಬಂದ ದಿನ.

ಅವತ್ತು ಬೆಳಿಗ್ಗೆಯಿಂದ ಪ್ರತಿ ಪೈಪನ್ನೂ ಎರಡೂ ತುದಿಯಲ್ಲಿ, ನಾಲ್ಕು ಕಡೆ ತಿರುಗಿಸಿ ಅಳೆದಿದ್ದೆ. ಸರಿ ಇದ್ದದ್ದರ ಮೇಲೆ ಸೀಮೆಸುಣ್ಣದಲ್ಲಿ ಎರಡೂವರೆ ಅಂತ ಬರೆದು ಪಕ್ಕದಲ್ಲಿ ನನ್ನ ಸಹಿ. ಎಲ್ಲವನ್ನೂ ಸಾಲಾಗಿ ಜೋಡಿಸಿಟ್ಟು, ಮಗಳು ಬಂದು ನೋಡಲಿ ಅಂತ ಕಾದೆ. ಕ್ಲಾಸ್ ಮುಗಿಸಿಕೊಂಡು ದಾವಣಗೆರೆಯಿಂದ ಬಂದಳು. ಸಾಲಿನುದ್ದಕ್ಕೂ ನಡೆದು ನಾನು ಬರೆದದ್ದನ್ನೆಲ್ಲ ಓದಿದಳು. ಆಮೇಲೆ ಬ್ಯಾಗಿನಿಂದ ಒಂದು ವರ್ನಿಯರ್ ತೆಗೆದಳು. ಹೊಸದು, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ. ಕವರ್ ಹರಿದು ಮೊದಲ ಪೈಪಿನ ಹತ್ತಿರ ಕೂತಳು.

"ಬೇಜಾರು ಮಾಡ್ಕೋಬ್ಯಾಡಪ್ಪ," ಅಂದಳು, ನನ್ನ ಮುಖ ನೋಡದೆ.

ಬೇಜಾರಾಗಿತ್ತು. ಆದರೆ ಅಳೆದಿದ್ದೇನೆ ಅಂತ ಹಿಂದೆ ಒಂದು ಸಲ ಸಹಿ ಹಾಕಿ ಅವಳನ್ನು ಒಳಗೆ ಕೂರಿಸಿದವನು ನಾನೇ ಅಲ್ಲವೇ.

"ಇಲ್ಲ, ಅಳದು ನೋಡು," ಅಂದೆ. ಪೈಪು ಉರುಳದ ಹಾಗೆ ಇನ್ನೊಂದು ತುದಿಯನ್ನು ಹಿಡಿದುಕೊಂಡೆ.